ನಿಷೇಧವಾದರೂ ಮಣ್ಣು ವಿಷ ಬಿಡುತ್ತಲೇ ಇರುತ್ತದೆ
'ಬಿಎಚ್‌ಸಿ ಎಂಬ ಕೀಟನಾಶಕ ಭಾರತದಲ್ಲಿ 1997ರಲ್ಲೇ ನಿಷೇಧವಾಯಿತು, ಈಗ ಗಾಳಿಯಲ್ಲಿ ಸಿಗುವುದೆಲ್ಲ ಕದ್ದು ಬಳಸಿದ್ದೇ' ಎಂದು ನಿಮ್ಮ ಲೇಖನದಲ್ಲಿದೆ. ಅಷ್ಟು ಸಲೀಸಲ್ಲ ಸಾರ್. ಗದ್ದೆಗೆ ನಮ್ಮಪ್ಪ ಎರಚುತ್ತಿದ್ದ ಆ ಪುಡಿಯ ಕಮಟು ವಾಸನೆ ನನಗಿನ್ನೂ ನೆನಪಿದೆ. ವಾಸನೆ ಬರುತ್ತಿತ್ತು ಅಂದರೆ ಆಗಲೇ ಅದು ಗಾಳಿಗೆ ಏಳುತ್ತಿತ್ತು ಅಂತ ತಾನೆ? ಮಣ್ಣಲ್ಲಿ ಉಳಿದದ್ದು ಬೇಸಿಗೆಯ ಕಾವಿಗೆ ಆವಿಯಾಗುತ್ತದೆ, ತಂಪು ಸಿಕ್ಕಲ್ಲಿ ಇಳಿಯುತ್ತದೆ, ಮತ್ತೆ ಏಳುತ್ತದೆ. ಹೀಗೇ ಕುಪ್ಪಳಿಸುತ್ತ ಉಳುಮೆಯೇ ಇಲ್ಲದ ಆರ್ಕ್ಟಿಕ್‌ವರೆಗೂ ಹೋಗಿದೆ. ಒಣಮಣ್ಣು ಮಳೆಗೆ ನೆನೆದರೂ ಆವಿ ಹೆಚ್ಚುತ್ತದೆ, ಯಾಕೆಂದರೆ ಮಣ್ಣಿನ ಕಣಕ್ಕೆ ಅಂಟಿದ್ದ ವಿಷವನ್ನು ನೀರು ಎಬ್ಬಿಸಿ ತಾನು ಕೂರುತ್ತದೆ. ಸಾವಯವ ಅಂಶ ಹೆಚ್ಚಿರುವ ಕಾಡುಮಣ್ಣು ಮಾತ್ರ ಸುಲಭಕ್ಕೆ ಬಿಟ್ಟುಕೊಡದು. ಹಾಗಾಗಿ ಕಳ್ಳ ಬಳಕೆ ಅನ್ನುವ ಮೊದಲು ಗಾಳಿಯ ಜೊತೆ ಅದರ ಕೆಳಗಿನ ಮಣ್ಣನ್ನೂ ಪರೀಕ್ಷೆ ಮಾಡಿಸಬೇಕಿತ್ತು.