ಹೆಸರು ಗೊತ್ತಾಯಿತು, ಪಾಠ ಮುಗಿಯಿತು!

ಜೀವಶಾಸ್ತ್ರ ಶಿಕ್ಷಕರ ತರಬೇತಿಯೊಂದನ್ನು ಮುಗಿಸಿ ಈಗಷ್ಟೇ ಬಂದಿದ್ದೇನೆ; ಸಿಟ್ಟು ಇನ್ನೂ ಇಳಿದಿಲ್ಲ. ವಿಷಯ, ಪಕ್ಷಿಗಳ ಅಧ್ಯಯನದಲ್ಲಿ ಕಂಪ್ಯೂಟರ್ ಬಳಕೆ. ಸಂಪನ್ಮೂಲ ವ್ಯಕ್ತಿಗಳು ಫೋನನ್ನು ಕಿಟಕಿಯತ್ತ ಹಿಡಿದರು, ಮರ್ಲಿನ್ ಆ್ಯಪ್ ಹೊರಗಿನ ಕೂಗನ್ನು ಕೇಳಿ ಹಕ್ಕಿಯ ಹೆಸರನ್ನು ಪರದೆಯ ಮೇಲೆ ಮೂಡಿಸಿತು, ಸಭೆ ಚಪ್ಪಾಳೆ ತಟ್ಟಿತು, ಅಲ್ಲಿಗೆ ಅಧ್ಯಯನ ಸಂಪನ್ನ! ಆ ಹಕ್ಕಿ ಆ ಹೊತ್ತಿನಲ್ಲಿ ಏಕೆ ಕೂಗುತ್ತಿತ್ತು ಎಂದು ನಾನು ಕೇಳಿದ್ದಕ್ಕೆ ಸಮಯದ ಅಭಾವವಿದೆ ಎಂಬ ಉತ್ತರ ಬಂತು. ಸಾಮೂಹಿಕ ಫೋಟೋಗೆ ಮಾತ್ರ ಸಮಯ ಧಾರಾಳವಾಗಿತ್ತು.

ಯಾವುದೇ ಪ್ರಾಣಿಯ ವರ್ತನೆ ಹೇಗೆ ಉಂಟಾಗುತ್ತದೆ, ಅದು ಬೆಳೆಯುತ್ತಾ ಹೇಗೆ ರೂಪುಗೊಳ್ಳುತ್ತದೆ, ಬದುಕುಳಿಯಲು ಅದರಿಂದೇನು ಪ್ರಯೋಜನ, ವಿಕಾಸದಲ್ಲಿ ಅದು ಹೇಗೆ ಬಂತು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ 1963ರಲ್ಲೇ ಮುಂದಿಟ್ಟಿದ್ದರು. ‘ಇದರ ಹೆಸರೇನು?’ ಎಂಬುದು ಈ ನಾಲ್ಕರಲ್ಲಿ ಇಲ್ಲ.

ಇಂಥ ಪ್ರಶ್ನೆಗಳತ್ತ ಹೋಗಲು ಅದೇ ಕೂಗನ್ನು ಧ್ವನಿಮುದ್ರಿಸಿ, ಕಂಪ್ಯೂಟರಿಗೆ ಹಾಕಿ, ಸ್ಪೆಕ್ಟ್ರೋಗ್ರಾಂ, ಅಂದರೆ ಧ್ವನಿಯ ಚಿತ್ರ, ತೆರೆದಿದ್ದರೆ ಸಾಕಿತ್ತು. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಅಂದರೆ ಸ್ವರ ಎಷ್ಟು ಎತ್ತರದ್ದು ಎಂಬ ಅಳತೆ. ಉದಾಹರಣೆಗೆ, ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಹಾಡು ಅಲ್ಲಿ ಒಂದು ಮೇಲೆ, ಒಂದು ಕೆಳಗೆ ಎಂದು ಸರದಿಯಲ್ಲಿ ನಿಂತ ಗೆರೆಗಳಾಗಿ ಕಾಣುತ್ತದೆ. ವಾಹನಗಳ ಸದ್ದು ಚಿತ್ರದ ತಳದಲ್ಲಿ ಮಸಿ ಬಳಿದಂತೆ ಹರಡಿರುತ್ತದೆ. ಗದ್ದಲದ ಜಾಗಗಳಲ್ಲಿ ಹಾಡುವ ಗಂಡು ಗ್ರೇಟ್ ಟಿಟ್‌ಗಳ ಹಾಡಿನ ಕನಿಷ್ಠ ಆವರ್ತನ ಹೆಚ್ಚಿರುತ್ತದೆ ಎಂದು ನೆದರ್ಲೆಂಡ್ಸ್‌ನ ಲೈಡನ್ ನಗರದ ಅಧ್ಯಯನವೊಂದು 2003ರಲ್ಲಿ ತೋರಿಸಿಕೊಟ್ಟಿತು. ಇದನ್ನು ವಿದ್ಯಾರ್ಥಿಗಳೂ ಅಳೆಯಬಹುದು, ಅಳೆಯುವಾಗಲೇ ನಿಜವಾದ ತೊಡಕೂ ಎದುರಾಗುತ್ತದೆ: ಹಾಡು ನಿಜಕ್ಕೂ ಮೇಲೇರಿದೆಯೋ, ಅಥವಾ ಅದರ ಕೆಳತುದಿ ಗದ್ದಲದಲ್ಲಿ ಮುಚ್ಚಿಹೋಗಿ ಹಾಗೆ ಕಾಣುತ್ತಿದೆಯೋ? ಇಡೀ ತರಗತಿ ಜಗಳವಾಡಬೇಕಾದ ಪ್ರಶ್ನೆ ಇದು.

ನನ್ನ ಕಿವಿ ಎಷ್ಟು ಮಂದ ಎಂಬುದು ಸ್ನೇಹಿತರಿಗೆ ಗೊತ್ತೇ ಇದೆ. ಎರಡು ಕೂಗುಗಳ ವ್ಯತ್ಯಾಸವನ್ನು ಬಲ್ಲವರು ವಿವರಿಸುವಾಗ ಸುಮ್ಮನೆ ತಲೆಯಾಡಿಸುವವನು ನಾನು. ಕಿವಿಗೆ ದಕ್ಕದ್ದನ್ನು ನನ್ನ ಕಣ್ಣಿಗೆ ತೋರಿಸಿದ್ದೇ ಕಂಪ್ಯೂಟರ್. ಹಾಗಾಗಿ ನನ್ನನ್ನು ಯಂತ್ರವಿರೋಧಿ ಎಂದು ಕರೆಯಲು ಯಾರೂ ಅವಸರಪಡಬೇಕಾಗಿಲ್ಲ.

ಮಧ್ಯಾಹ್ನದ ಅವಧಿಯಲ್ಲಿ ಪರದೆಯ ಮೇಲೆ ಹಕ್ಕಿಗುಂಪು ಹಾರಿಸಿದರು. ಗುಂಪಿನ ಹಾರಾಟವನ್ನು ಅನುಕರಿಸಲು ಕ್ರೇಗ್ ರೆನಾಲ್ಡ್ಸ್ 1986ರಲ್ಲಿ ರೂಪಿಸಿದ ‘ಬಾಯ್ಡ್ಸ್’ ಎಂಬ ಈ ಕಂಪ್ಯೂಟರ್ ಮಾದರಿಯಲ್ಲಿರುವುದು ಮೂರೇ ನಿಯಮ: ಡಿಕ್ಕಿ ತಪ್ಪಿಸುವುದು, ನೆರೆಯವರ ದಿಕ್ಕಿಗೆ ಹೊಂದಿಕೊಳ್ಳುವುದು, ಗುಂಪಿನ ನಡುವಿನತ್ತ ಸರಿಯುವುದು. ಇವುಗಳಲ್ಲಿ ಒಂದನ್ನು ತೆಗೆದರೆ ಗುಂಪು ಏನಾಗುತ್ತದೆ ಎಂದು ನೋಡುವ ಗೋಜಿಗೇ ಯಾರೂ ಹೋಗಲಿಲ್ಲ. ಆ ಮಾದರಿಯಲ್ಲಿ ಹಕ್ಕಿ ಇಂತಿಷ್ಟು ದೂರದೊಳಗಿನವರನ್ನು ಗಮನಿಸುತ್ತದೆ. ರೋಮ್‌ನಲ್ಲಿ ನಿಜವಾದ ಸ್ಟಾರ್ಲಿಂಗ್ ಗುಂಪುಗಳ ಚಿತ್ರ ತೆಗೆದು ವಿಶ್ಲೇಷಿಸಿದವರು, ದೂರ ಎಷ್ಟೇ ಇರಲಿ, ಪ್ರತಿ ಹಕ್ಕಿಯೂ ಹತ್ತಿರದ ಆರೇಳು ಹಕ್ಕಿಗಳಿಗೆ ಸ್ಪಂದಿಸುತ್ತದೆ ಎಂದು 2008ರಲ್ಲಿ ವರದಿ ಮಾಡಿದರು. ಮಾದರಿಗೂ ಹಕ್ಕಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದಲೇ ಒಳ್ಳೆಯ ಪಾಠವೊಂದು ಶುರುವಾಗಬಹುದಿತ್ತು. ನಮಗೆ ಸಿಕ್ಕಿದ್ದು ‘ಎಷ್ಟು ಚೆಂದ ಅಲ್ಲವೇ?’ ಎಂಬ ವ್ಯಾಖ್ಯಾನ.

ಮಕ್ಕಳಲ್ಲಿ ಆಸಕ್ತಿಯಾದರೂ ಹುಟ್ಟುತ್ತದಲ್ಲ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಹುಟ್ಟುತ್ತದೆ, ನಿಜ. ಫೋನು ಹೇಳಿದ ಹೆಸರನ್ನು ಬರೆದುಕೊಂಡು ಮುಂದಿನ ಹೆಸರಿಗೆ ಕಾಯುವ ಆಸಕ್ತಿ ಅದು. ಎದುರಿಗಿದ್ದ ಹಕ್ಕಿ ಏನು ಮಾಡುತ್ತಿತ್ತು ಎಂದು ಕೇಳಿ ನೋಡಿ, ಆ ಆಸಕ್ತಿ ಎಷ್ಟರಮಟ್ಟಿಗಿದೆ ಎಂದು ತಿಳಿಯುತ್ತದೆ. ಶಿಕ್ಷಕರೇ ಕೇಳದ ಪ್ರಶ್ನೆ ಮಕ್ಕಳಿಗೆ ತಾನಾಗಿ ಹೊಳೆಯಲಿ ಎನ್ನುವುದು ಸೋಮಾರಿತನ, ಅಷ್ಟೇ.

ಕೊನೆಗೆ, ಕಂಡ ಹಕ್ಕಿಗಳನ್ನು ಜನರೇ ದಾಖಲಿಸುವ ಇಬರ್ಡ್ ಎಂಬ ಜಾಲತಾಣಕ್ಕೆ ಪಟ್ಟಿ ಸಲ್ಲಿಸುವುದನ್ನು ತೋರಿಸಿದರು. ನೀವು ಗುರುತಿಸಿದ ಹಕ್ಕಿಗಳೆಲ್ಲ ಈ ಪಟ್ಟಿಯಲ್ಲಿವೆಯೇ ಎಂದು ಅದು ಕೇಳುತ್ತದೆ. ಪ್ರಾಮಾಣಿಕವಾಗಿ ಹೌದು ಎಂದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹೊತ್ತಿನಲ್ಲಿ ಕಾಣಲಿಲ್ಲ ಎಂದು ಸಂಶೋಧಕರು ಲೆಕ್ಕ ಹಿಡಿಯಬಹುದು. ಪರಿಸರ ವಿಜ್ಞಾನಕ್ಕೆ ಕಂಡದ್ದರಷ್ಟೇ ಕಾಣದ್ದೂ ಮುಖ್ಯ. ನಮ್ಮ ಸಂಪನ್ಮೂಲ ವ್ಯಕ್ತಿಗಳು ಆ ಪ್ರಶ್ನೆಯನ್ನು ಓದಲೂ ಇಲ್ಲ. ಹೌದು ಎಂದು ಒತ್ತಿ ಮುಂದಿನ ಸ್ಲೈಡಿಗೆ ಹೋದರು.