ಪಟ್ಟಿ ಕೇಳಿದರೆ ಮೆನು ಪ್ರಿಂಟ್ ಆಯ್ತು

ಅಡಿಕೆ ಮಂಡಿ ಇಟ್ಟಿರುವ ನಮ್ಮ ಮಾವನಿಗೆ ಒಂದು ಸಣ್ಣ ವೆಬ್ ಆಪ್ ಮಾಡಿಕೊಟ್ಟಿದ್ದೆ. ಮೂಟೆ ಎಷ್ಟು, ತೂಕ ಎಷ್ಟು, ದರ ಎಷ್ಟು, ಮುಂಗಡ ಕಳೆದು ರೈತನ ಕೈಗೆ ಎಷ್ಟು ಅಂತ ಪಟ್ಟಿ ತೋರಿಸುತ್ತದೆ. ಸ್ಕ್ರೀನ್ ಮೇಲೆ ಚೆಂದವಾಗಿಯೇ ಇತ್ತು. ಮೊದಲ ದಿನವೇ ಮಾವನ ಫೋನ್.

"ಏನೋ ಇದು? ಪಟ್ಟಿ ತೆಗೆದ್ರೆ ಎಡಗಡೆ ಮೆನು ಬರ್ತಿದೆ, ಸೇವ್ ಬಟನ್ ಬರ್ತಿದೆ, ಲೆಕ್ಕದ ಕೊನೇ ಸಾಲೇ ಇಲ್ಲ. ರೈತನಿಗೆ ಬೇಕಾಗಿದ್ದೇ ಅದಲ್ವಾ?"

ತಪ್ಪು ಪೂರ್ತಿ ನನ್ನದೇ. ಪಟ್ಟಿಯನ್ನು ಸ್ಕ್ರೀನ್ ಎತ್ತರದ ಒಂದು ಡಬ್ಬಿಯೊಳಗೆ ಹಾಕಿ ಅದಕ್ಕೆ ಸ್ಕ್ರೋಲ್ ಕೊಟ್ಟಿದ್ದೆ. ಕಾಗದದ ಮೇಲೆ ಯಾರು ಸ್ಕ್ರೋಲ್ ಮಾಡುತ್ತಾರೆ? ಕಂಡಷ್ಟು ಪ್ರಿಂಟ್ ಆಯ್ತು, ಮಿಕ್ಕಿದ್ದು ಕತ್ತರಿಸಿಹೋಯ್ತು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಪುಟದಲ್ಲಿರುವುದನ್ನೆಲ್ಲ ತೆಗೆದುಹಾಕಿ, ಪಟ್ಟಿಯ ಎಚ್‌ಟಿಎಂಎಲ್ (ಪುಟ ಕಟ್ಟುವ ಕೋಡ್) ಮಾತ್ರ ಇಟ್ಟು, ಪ್ರಿಂಟ್ ಶುರು ಮಾಡುವ ವಿಂಡೋ ಡಾಟ್ ಪ್ರಿಂಟ್ ಆಜ್ಞೆ ಕರೆದು, ಹಳೇದನ್ನು ವಾಪಸ್ ಅಂಟಿಸೋದು. ಎಲ್ಲರೂ ಹೇಳಿಕೊಡುವ ಉಪಾಯ ಇದು. ಪ್ರಿಂಟ್ ಚೆನ್ನಾಗಿಯೇ ಬಂತು, ಆದರೆ ಆಮೇಲೆ ಯಾವ ಬಟನ್ ಒತ್ತಿದರೂ ಅಲುಗಾಡಲಿಲ್ಲ. ಯಾಕಂದರೆ ವಾಪಸ್ ಬಂದಿದ್ದು ನೋಡೋಕೆ ಹಳೇದರಂತಿರುವ ಹೊಸ ಪುಟ, ಹಳೇ ಬಟನ್‌ಗಳಿಗೆ ಕಟ್ಟಿದ್ದ ಕೋಡ್ ಅವುಗಳ ಜೊತೆಗೇ ಹೋಗಿತ್ತು, ಬಾಕ್ಸಿನಲ್ಲಿ ಟೈಪ್ ಮಾಡಿದ್ದ ತೂಕವೂ ಹೋಗಿತ್ತು. ಹೊಸ ಕಿಟಕಿ ತೆರೆದು ಅದರಲ್ಲಿ ಬರೆಯೋಣ ಅಂದರೆ ಪಾಪಪ್ ಬ್ಲಾಕರ್ ಅಡ್ಡ.

ಸರಿಯಾದ ದಾರಿ ಮೊದಲಿನಿಂದ ಕಣ್ಣೆದುರೇ ಇತ್ತು. ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ ಸಿಎಸ್ಎಸ್, ಅದರ 1998ರ ಎರಡನೇ ಆವೃತ್ತಿಯಲ್ಲೇ ಪ್ರಿಂಟಿಗೆ ಅಂತ ಬೇರೆ ನಿಯಮ ಬರೆಯುವ ವ್ಯವಸ್ಥೆ ಬಂದಿದೆ. ಮೀಡಿಯಾ ಪ್ರಿಂಟ್ ಅಂತ ಒಂದು ಬ್ಲಾಕ್. ಅದರೊಳಗೆ ಮೆನು, ಬಟನ್‌ಗಳಿಗೆ ಡಿಸ್‌ಪ್ಲೇ ನನ್ ಅಂದರೆ ತೋರಿಸಬೇಡ, ಆ ಡಬ್ಬಿಗೆ ಎತ್ತರ ಆಟೋ ಅಂದರೆ ಒಳಗಿರುವಷ್ಟು ಉದ್ದ, ಓವರ್‌ಫ್ಲೋ ವಿಸಿಬಲ್ ಅಂದರೆ ಮಿಕ್ಕಿದ್ದನ್ನು ಕತ್ತರಿಸಬೇಡ. ಮುಗೀತು. ಕೆಲವರು ಎಲ್ಲವನ್ನೂ ವಿಸಿಬಿಲಿಟಿ ಹಿಡನ್ ಮಾಡಿ ಬೇಕಾದ ಭಾಗ ಮಾತ್ರ ತೋರಿಸುತ್ತಾರೆ. ಅದೂ ನಡೆಯುತ್ತದೆ, ಆದರೆ ಅಡಗಿದ್ದರ ಜಾಗ ಹಾಗೇ ಉಳಿಯುತ್ತದೆ, ಪಟ್ಟಿಯ ಹಿಂದೆ ಸುಮ್ನೆ ಖಾಲಿ ಹಾಳೆಗಳು ಬರುತ್ತವೆ. ಟೇಬಲ್ಲಿನ ತಲೆಸಾಲನ್ನು ಟಿಹೆಡ್ ಅನ್ನೋ ಟ್ಯಾಗ್ ಒಳಗೆ ಇಟ್ಟರೆ ಪ್ರತಿ ಪುಟದಲ್ಲೂ ಅದೇ ಬರುತ್ತದೆ. ಒಂದು ಸಾಲು ಎರಡು ಪುಟಕ್ಕೆ ಹರಿದುಹೋಗದಂತೆ ಬ್ರೇಕ್ ಇನ್‌ಸೈಡ್ ಅವಾಯ್ಡ್ ಇದೆ. ಬಾಕಿ ಮೊತ್ತದ ಸಾಲಿಗೆ ಹಳದಿ ಹಿನ್ನೆಲೆ ಕೊಟ್ಟಿದ್ದೆ, ಕಾಗದದಲ್ಲಿ ಬರಲಿಲ್ಲ. ಶಾಯಿ ಉಳಿಸಲು ಬ್ರೌಸರ್ ಹಿನ್ನೆಲೆ ಬಣ್ಣವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಹಟ ಮಾಡಿ ತರಿಸಬಹುದು, ಆದರೆ ಕಪ್ಪು ಬಿಳುಪು ಪ್ರಿಂಟರ್‌ಗೆ ಹಳದಿ ಯಾಕೆ ಅಂತ ದಪ್ಪ ಗೆರೆ ಎಳೆದೆ.

ನನಗೆ ಸಿಟ್ಟು ಬರುವುದು ದೊಡ್ಡ ಕಂಪನಿಗಳ ಮೇಲೆ. ಒಂದು ಕಡೆ ಬಿಲ್ ಪ್ರಿಂಟ್ ತೆಗೆದರೆ ಒಂದು ಹಾಳೆಯ ಬಿಲ್ಲಿಗೆ ಮೂರು ಹಾಳೆ ಬಂತು, ಮೂರರಲ್ಲೂ 'ಸಹಾಯ ಬೇಕಾ' ಅನ್ನೋ ಗುಂಡಗಿನ ಬಟನ್, ಅದೂ ಮೊತ್ತದ ಮೇಲೇ ಕೂತಿದೆ! ಸ್ಕ್ರೀನಿಗೆ ಅಂಟಿಸಿದ್ದು ಪ್ರತಿ ಪುಟಕ್ಕೂ ಅಂಟಿಕೊಳ್ಳುತ್ತದೆ ಅಂತ ಅಲ್ಲಿ ಯಾರೂ ನೋಡಿಲ್ಲ. ಹತ್ತು ಥರದ ಮೊಬೈಲಿನಲ್ಲಿ ಪರೀಕ್ಷೆ ಮಾಡುತ್ತಾರೆ, ಡಾರ್ಕ್ ಮೋಡ್‌ಗೆ ವಾರಗಟ್ಟಲೆ ಕೂರುತ್ತಾರೆ, ಪ್ರಿಂಟ್ ತೆಗೆಯುವ ಕಂಟ್ರೋಲ್ ಪಿ ಒತ್ತಿ ನೋಡುವವರಿಲ್ಲ. ಕಾಗದ ಹಾಳು ಮಾಡುವುದೂ ಬೇಡ ಮಾರಾಯ್ರೆ, ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ರೆಂಡರಿಂಗ್‌ಗೆ ಹೋಗಿ ಪ್ರಿಂಟ್ ಮೀಡಿಯಾ ಆರಿಸಿದರೆ ಸ್ಕ್ರೀನ್ ಮೇಲೇ ಕಾಣುತ್ತದೆ.

ಕಾಗದದ ಕಾಲ ಮುಗೀತು, ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿ ಅಂತ ಹೇಳುವವರು ಒಂದು ಬೆಳಿಗ್ಗೆ ಮಂಡಿಯಲ್ಲಿ ಕೂತು ನೋಡಬೇಕು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟ ಮೇಲೆಯೇ ರೈತರಿಗೆ ವ್ಯಾಪಾರ ಮುಗಿದ ಹಾಗೆ. ಮನೆಯಲ್ಲಿ ತೋರಿಸಬೇಕು, ತಮ್ಮನ ಪಾಲು ಲೆಕ್ಕ ಹಾಕಬೇಕು.

ಕೋಡ್ ಬರೆಯದವರಿಗೆ ಒಂದು ಮಾತು: ಪುಟದಲ್ಲಿ ಬೇಕಾದಷ್ಟನ್ನೇ ಮೌಸಿನಿಂದ ಸೆಲೆಕ್ಟ್ ಮಾಡಿ ಕಂಟ್ರೋಲ್ ಪಿ ಒತ್ತಿ. ಕ್ರೋಮ್‌ನಲ್ಲಿ ಮೋರ್ ಸೆಟ್ಟಿಂಗ್ಸ್ ಒಳಗೆ ಸೆಲೆಕ್ಷನ್ ಓನ್ಲಿ ಅಂತ ಸಿಗುತ್ತದೆ. ತಲೆಯ ಮೇಲಿನ ತಾರೀಕು, ಕೆಳಗಿನ ವೆಬ್ ವಿಳಾಸ ಬೇಡವಾದರೆ ಅಲ್ಲೇ ಹೆಡರ್ಸ್ ಅಂಡ್ ಫೂಟರ್ಸ್ ಟಿಕ್ ತೆಗೆಯಿರಿ.

ಈಗ ಮಾವನದು ಹೊಸ ತಕರಾರು. ಅಕ್ಷರ ಸಣ್ಣದಾಯ್ತಂತೆ, ರೈತರು ಕನ್ನಡಕ ತಂದಿರಲ್ಲವಂತೆ. ಕೊನೇ ಸಾಲನ್ನು 18 ಪಾಯಿಂಟ್ ಮಾಡಿದ್ದೇನೆ, ನಾಳೆ ಏನು ಹೇಳುತ್ತಾರೋ ನೋಡಬೇಕು.