ಸೂಜಿಯೂ ನನ್ನ ಸೊಂಟವೂ

ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಎತ್ತಲು ಬಗ್ಗಿದವನು ಬಗ್ಗಿದ ಹಾಗೇ ಉಳಿದೆ. ಮೊದಲ ಸಲಹೆ ದೊಡ್ಡಮ್ಮನದು: "ಕಾಲು ಮುಂದಾಗಿ ಹುಟ್ಟಿದೋರ ಹತ್ರ ಮೂರು ಸಲ ಒದೆಸ್ಕೋ, ಬಿಟ್ಟುಹೋಗತ್ತೆ." ನಕ್ಕೆ. ನಕ್ಕರೂ ನೋಯುತ್ತಿತ್ತು.

ನಾಲ್ಕು ತಿಂಗಳು ಮಾತ್ರೆ, ಬೆಲ್ಟು, ಬಿಸಿನೀರಿನ ಚೀಲ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮಕ್ಕೆ ಮಂಡಿ ಮಡಚುವಷ್ಟರಲ್ಲೇ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಮೂಳೆ ಡಾಕ್ಟರಿಗೆ ಹೇಳಿಯೇ, ಸೂಜಿ ಚುಚ್ಚುವ ಚೀನೀ ಚಿಕಿತ್ಸೆ ಅಕ್ಯುಪಂಕ್ಚರ್‌ಗೆ ಹೋದೆ.

ಅದು ಇಂಜೆಕ್ಷನ್ ಸೂಜಿಯಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪ, ಒಳಗೆ ತೂತಿಲ್ಲ. ಸಣ್ಣ ಪ್ಲಾಸ್ಟಿಕ್ ಕೊಳವೆ ಚರ್ಮಕ್ಕೆ ಒತ್ತಿ ಬೆರಳಲ್ಲಿ ಟಕ್ ಅಂತ ತಟ್ಟುತ್ತಾರೆ. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ಅಲ್ಲ. ಆಮೇಲೆ ಒಳಗೆಲ್ಲೋ ಜೋಮು ಹಿಡಿದಂಥ ಭಾರ ಹರಡುತ್ತದೆ. ಸೊಂಟಕ್ಕೆ ಸರಿ, ಮಂಡಿಯ ಹಿಂದೆ ಯಾಕೆ ಚುಚ್ಚಿದರೋ! ಇಪ್ಪತ್ತು ನಿಮಿಷ ಬೋರಲು ಮಲಗಿ ನೆಲದ ಟೈಲ್ಸ್ ಎಣಿಸಿದೆ.

ನೋವು ಮಾಯವಾಗಲಿಲ್ಲ. ನಾಲ್ಕನೇ ಸಲದಿಂದ ಎರಡೆರಡು ದಿನ ತಗ್ಗುತ್ತಿತ್ತು, ಆ ಎರಡು ದಿನದಲ್ಲಿ ವ್ಯಾಯಾಮ ಮಾಡಿಕೊಂಡೆ. ನನಗೆ ಸೂಜಿಯಿಂದಾದ ಉಪಕಾರ ಅಷ್ಟೇ, ಅದು ಸಣ್ಣದೇನಲ್ಲ.

ಈಗ ಜಗಳದ ವಿಷಯ: ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಜರ್ಮನಿಯಲ್ಲಿ 1162 ಸೊಂಟನೋವಿನವರ ಮೇಲೆ ನಡೆದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದರೆ ಅಸಲಿ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6 ಮಂದಿಗೆ ಸಾಕಷ್ಟು ಗುಣ ಕಂಡಿತ್ತು. ಅಕ್ಯುಪಂಕ್ಚರ್ ಹೇಳುವ ಬಿಂದು ಬಿಟ್ಟು ಬೇರೆಲ್ಲೋ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2! ಮಾತ್ರೆ, ಫಿಸಿಯೋ, ವ್ಯಾಯಾಮದವರಲ್ಲಿ ಶೇ. 27.4. ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ ಅಂದಮೇಲೆ ಮೈಯಲ್ಲಿ ಶಕ್ತಿ ಹರಿಯುವ ನಾಡಿಗಳಿವೆ, ಅವುಗಳ ಬಿಂದುಗಳಿಗೇ ಚುಚ್ಚಬೇಕು ಎನ್ನುವ ಕಥೆಯನ್ನು ನಾನಂತೂ ನಂಬಲಾರೆ. ಹಾಗಂತ ಗುಣ ಕಂಡವರ ಗುಣ ಸುಳ್ಳೇ? ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡಬಹುದೆಂದು ಸಲಹೆ ನೀಡುವ ನೈಸ್ ಸಂಸ್ಥೆ ಸೊಂಟನೋವಿಗೆ 2009ರಲ್ಲಿ ಅಕ್ಯುಪಂಕ್ಚರ್ ಮಾಡಿಸಬಹುದು ಎಂದಿತು, 2016ರಲ್ಲಿ ಬೇಡ ಎಂದಿತು. ಅಮೆರಿಕದ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರಿಂದ ಹಳೆಯ ಸೊಂಟನೋವಿಗೆ 90 ದಿನದಲ್ಲಿ 12 ಸಲದವರೆಗೆ ಖರ್ಚು ಕೊಡುತ್ತಿದೆ. ಓದಿದವರೇ ಹೀಗೆ ಎರಡು ದಾರಿ ಹಿಡಿದಿದ್ದಾರೆ. ದೊಡ್ಡಮ್ಮನ ಒದೆಯ ಬಗ್ಗೆ ನಗುವುದನ್ನು ನಾನೂ ಸ್ವಲ್ಪ ಕಡಿಮೆ ಮಾಡಿದ್ದೇನೆ.

ನನಗೆ ಸಿಟ್ಟು ಬಂದದ್ದು ಇನ್ನೊಂದು ಕಡೆ. ಕತ್ತು ನೋವೆಂದು ಅಕ್ಕನನ್ನು ಬೇರೊಂದು ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ಕರೆದೊಯ್ದರೆ, ಅಲ್ಲಿನವರು ನಾಡಿ ಹಿಡಿದು "ಬಿಪಿ ಮಾತ್ರೆ ನಿಲ್ಲಿಸಿ, ಸೂಜಿ ಸಾಕು" ಅಂದರು. ಸೂಜಿ ಹಾಕಿಸುವ ಮೊದಲೇ ಎದ್ದು ಬಂದೆವು. ಇದ್ದ ಚಿಕಿತ್ಸೆಯ ಜೊತೆಗೆ ಇದೂ ಒಂದು ಎನ್ನುವವರ ಹತ್ತಿರ ಹೋಗಿ. ಅದನ್ನು ಬಿಟ್ಟು ಇದಕ್ಕೆ ಬನ್ನಿ ಎನ್ನುವವರ ಹತ್ತಿರ ಬೇಡ. ಹೊಸ ಸೂಜಿಯ ಪೊಟ್ಟಣ ನಿಮ್ಮೆದುರೇ ಬಿಚ್ಚಲಿ. ಕತ್ತಿನ ಬುಡ, ಭುಜದ ಹತ್ತಿರ ಆಳಕ್ಕೆ ಹೋದರೆ ಅಪರೂಪಕ್ಕೆ ಶ್ವಾಸಕೋಶಕ್ಕೇ ತಾಗುತ್ತದೆ, ಕಲಿತ ಕೈಯೇ ಬೇಕು. ಕಾಲಿನ ಬಲ ಹೋಗುತ್ತಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಸೂಜಿಯೂ ಬೇಡ ಒದೆಯೂ ಬೇಡ, ಸೀದಾ ಆಸ್ಪತ್ರೆಗೆ.

ನಾನು ಹತ್ತು ಸಲಕ್ಕೆ ನಿಲ್ಲಿಸಿದೆ. ಬೆಳಗಿನ ಹದಿನೈದು ನಿಮಿಷದ ವ್ಯಾಯಾಮ ಮಾತ್ರ ನಡೆದಿದೆ. ಇವತ್ತು ತಪ್ಪಿಸಿದ್ದೆ, ಇದನ್ನು ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ.